ಗುರುದತ್ (1925–1964): ಮಹಾನಗರದ ಬದುಕನ್ನು ನಗೆಯಲ್ಲಿ ಚಿತ್ರಿಸಿದ ನಿರ್ದೇಶಕ

ಸಂಕ್ಷಿಪ್ತ ವಿವರ

ಜನ್ಮನಾಮ: ವಸಂತಕುಮಾರ ಶಿವಶಂಕರ ಪಡುಕೋಣೆ
ಚಿತ್ರರಂಗದಲ್ಲಿ ಪ್ರಸಿದ್ಧವಾದ ಹೆಸರು: ಗುರುದತ್
ಜನನ: 9 ಜುಲೈ 1925, ಬೆಂಗಳೂರು
ನಿಧನ: 10 ಅಕ್ಟೋಬರ್ 1964, ಮುಂಬಯಿ
ತಂದೆ: ಶಿವಶಂಕರ ರಾವ್ ಪಡುಕೋಣೆ
ತಾಯಿ: ವಾಸಂತಿ ಪಡುಕೋಣೆ
ಪತ್ನಿ: ಹಿನ್ನೆಲೆ ಗಾಯಕಿ ಗೀತಾ ದತ್ (ವಿವಾಹಪೂರ್ವದ ಹೆಸರು ಗೀತಾ ರಾಯ್)
ಕಾರ್ಯಕ್ಷೇತ್ರ: ಹಿಂದಿ ಚಲನಚಿತ್ರ ನಿರ್ದೇಶನ, ನಿರ್ಮಾಣ, ಅಭಿನಯ

ಪೀಠಿಕೆ

ಭಾರತೀಯ ಚಲನಚಿತ್ರರಂಗದ ಶ್ರೇಷ್ಠ ನಿರ್ದೇಶಕರ ಸಾಲಿನಲ್ಲಿ ಬೆಂಗಳೂರಿನಲ್ಲಿ ಜನಿಸಿದ ಗುರುದತ್ ಅವರಿಗೆ ವಿಶಿಷ್ಟ ಸ್ಥಾನವಿದೆ. 'ಪ್ಯಾಸಾ' ಮತ್ತು 'ಕಾಗಜ್ ಕೆ ಫೂಲ್' ಚಿತ್ರಗಳಿಂದಾಗಿ ಅವರನ್ನು ವಿಷಾದದ ಕಲಾವಿದರೆಂದು ಗುರುತಿಸುವುದು ವಾಡಿಕೆಯಾಗಿದೆ. ಆದರೆ ಈ ಗಂಭೀರ ಚಿತ್ರಗಳಿಗೆ ಮೊದಲು ಅವರು ಮಹಾನಗರದ ಜೀವನವನ್ನು ನಗೆ, ಪ್ರೇಮ ಮತ್ತು ವಿಡಂಬನೆಗಳ ಮೂಲಕ ತೆರೆಗೆ ತಂದಿದ್ದರು. 1955ರಲ್ಲಿ ತೆರೆಕಂಡ 'ಮಿಸ್ಟರ್ ಅಂಡ್ ಮಿಸೆಸ್ 55' ಈ ಬಗೆಯ ಚಿತ್ರಗಳಲ್ಲಿ ಪ್ರಮುಖವಾದುದು. ನಿರುದ್ಯೋಗಿ ಯುವಕ, ಶ್ರೀಮಂತ ಯುವತಿ, ಹಣಕ್ಕಾಗಿ ನಡೆಯುವ ವಿವಾಹ ಹಾಗೂ ಆಗಷ್ಟೇ ದೇಶಕ್ಕೆ ಬರುತ್ತಿದ್ದ ವಿಚ್ಛೇದನದ ಕಾನೂನು ಈ ಚಿತ್ರದ ವಸ್ತು. ಈ ವಿನೋದ ಚಿತ್ರದ ಬೇರುಗಳು ಗುರುದತ್ ಅವರ ಸ್ವಂತ ಬದುಕಿನಲ್ಲಿಯೇ ಇದ್ದವು. ಅದು ಎತ್ತಿದ ಪ್ರಶ್ನೆಯೂ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಜನನ, ಮನೆತನ ಮತ್ತು ಬಾಲ್ಯ

ಗುರುದತ್ ಅವರದು ಕರಾವಳಿ ಮೂಲದ, ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತ ಕುಟುಂಬ. ತಂದೆ ಶಿವಶಂಕರ ರಾವ್ ಅವರು ಶಾಲಾ ಮುಖ್ಯೋಪಾಧ್ಯಾಯರಾಗಿಯೂ, ಅನಂತರ ಬ್ಯಾಂಕ್ ನೌಕರರಾಗಿಯೂ ದುಡಿದವರು. ತಾಯಿ ವಾಸಂತಿ ಅವರು ಅಧ್ಯಾಪಕಿಯಾಗಿದ್ದರು; ಸಣ್ಣಕಥೆಗಳನ್ನು ಬರೆದರು, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಮಗನ ನಿಧನಾನಂತರ ಅವರು ಕನ್ನಡದಲ್ಲಿ ಬರೆದ 'ನನ್ನ ಮಗ ಗುರುದತ್ತ' ಎಂಬ ಕೃತಿಯು ಗುರುದತ್ ಅವರ ಜೀವನದ ಬಗ್ಗೆ ಲಭ್ಯವಿರುವ ಮುಖ್ಯ ಆಧಾರಗಳಲ್ಲಿ ಒಂದಾಗಿದೆ.

ಬಾಲ್ಯದಲ್ಲಿ ಸಂಭವಿಸಿದ ಅಪಘಾತವೊಂದರ ನಂತರ ವಸಂತಕುಮಾರ ಎಂಬ ಹೆಸರನ್ನು ಬದಲಿಸಿ, ಶುಭವಾಗಲೆಂದು ಗುರುದತ್ತ ಎಂದು ಹೆಸರಿಡಲಾಯಿತು. ಆತ್ಮಾರಾಮ್, ದೇವಿದಾಸ್ ಮತ್ತು ವಿಜಯ್ ಅವರ ಸಹೋದರರು, ಲಲಿತಾ ಸಹೋದರಿ. ಆತ್ಮಾರಾಮ್ ಅವರು ಮುಂದೆ ಚಿತ್ರ ನಿರ್ದೇಶಕರಾದರು. ಲಲಿತಾ ಲಾಜ್ಮಿ (1932–2023) ಅವರು ಚಿತ್ರಕಲಾವಿದೆಯಾಗಿ ಹೆಸರು ಗಳಿಸಿದರು. ಖ್ಯಾತ ನಿರ್ದೇಶಕ ಶ್ಯಾಮ್ ಬೆನಗಲ್ ಅವರೂ ಇದೇ ಬಂಧುವರ್ಗಕ್ಕೆ ಸೇರಿದವರು.

ತಂದೆಯವರ ಉದ್ಯೋಗದ ನಿಮಿತ್ತ ಕುಟುಂಬವು ಕಲ್ಕತ್ತಾ ನಗರದ ಭವಾನಿಪುರದಲ್ಲಿ ನೆಲೆಸಿತು. ಅಲ್ಲಿ ಬೆಳೆದ ಗುರುದತ್ ಅವರಿಗೆ ಬಂಗಾಳಿ ಭಾಷೆ ಕರಗತವಾಯಿತು. ಚಲನಚಿತ್ರಗಳ ಭಿತ್ತಿಚಿತ್ರಗಳನ್ನು ಬರೆಯುತ್ತಿದ್ದ ಬಂಧು ಬಿ. ಬಿ. ಬೆನಗಲ್ ಅವರ ಒಡನಾಟದಿಂದ ಚಿತ್ರಕಲೆ ಮತ್ತು ಸಿನಿಮಾಗಳತ್ತ ಒಲವು ಮೂಡಿತು. ಮನೆಯಲ್ಲಿ ವಿದ್ಯೆಯಿದ್ದರೂ ಹಣದ ಅನುಕೂಲವಿರಲಿಲ್ಲ. ಈ ಕಾರಣದಿಂದ ಅವರು ಕಾಲೇಜು ಶಿಕ್ಷಣ ಪಡೆಯಲಾಗಲಿಲ್ಲ.

ಅಲ್ಮೋರಾದಿಂದ ಪುಣೆಗೆ

ಪ್ರಸಿದ್ಧ ನೃತ್ಯಗಾರ ಉದಯ ಶಂಕರ್ ಅವರು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ನಡೆಸುತ್ತಿದ್ದ ಸಾಂಸ್ಕೃತಿಕ ಕೇಂದ್ರಕ್ಕೆ ಗುರುದತ್ ಅವರು 1940ರ ದಶಕದ ಆರಂಭದಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಹಾಡಿನ ಲಯಕ್ಕೆ ತಕ್ಕಂತೆ ಪಾತ್ರ ಮತ್ತು ಕ್ಯಾಮೆರಾಗಳನ್ನು ನಡೆಸುವಲ್ಲಿ ಅವರು ಮುಂದೆ ತೋರಿದ ಹಿಡಿತಕ್ಕೆ ಇಲ್ಲಿನ ನೃತ್ಯ ಶಿಕ್ಷಣವೇ ತಳಹದಿಯಾಯಿತು. ಎರಡನೆಯ ಮಹಾಯುದ್ಧದ ಕಾಲದ ಅಡಚಣೆಗಳ ನಡುವೆ 1944ರಲ್ಲಿ ಈ ಕೇಂದ್ರವು ಮುಚ್ಚಿತು.

ಅನಂತರ ಅವರು ಕಲ್ಕತ್ತಾದ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ದೂರವಾಣಿ ನಿರ್ವಾಹಕರಾಗಿ ಕೆಲಸಕ್ಕೆ ಸೇರಿದರಾದರೂ ಅಲ್ಪಕಾಲದಲ್ಲಿಯೇ ಅದನ್ನು ಬಿಟ್ಟು ಮುಂಬಯಿಯಲ್ಲಿದ್ದ ತಂದೆ ತಾಯಿಯರನ್ನು ಸೇರಿಕೊಂಡರು. ಬಂಧುವೊಬ್ಬರ ನೆರವಿನಿಂದ 1944ರಲ್ಲಿಯೇ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯಲ್ಲಿ ಮೂರು ವರ್ಷಗಳ ಕರಾರಿನ ಮೇಲೆ ಕೆಲಸ ದೊರೆಯಿತು. 'ಲಾಖಾರಾಣಿ' (1945) ಚಿತ್ರದಲ್ಲಿ ಸಣ್ಣ ಪಾತ್ರದೊಂದಿಗೆ ಸಹಾಯಕ ನಿರ್ದೇಶಕರಾಗಿಯೂ, 'ಹಮ್ ಏಕ್ ಹೈಂ' (1946) ಚಿತ್ರದಲ್ಲಿ ಸಹಾಯಕ ನಿರ್ದೇಶಕ ಹಾಗೂ ನೃತ್ಯ ಸಂಯೋಜಕರಾಗಿಯೂ ದುಡಿದರು.

ಪುಣೆಯಲ್ಲಿ ನಟರಾದ ದೇವ್ ಆನಂದ್ ಮತ್ತು ರೆಹಮಾನ್ ಅವರ ಸ್ನೇಹ ಲಭಿಸಿತು. ಒಗೆಯಲು ಕೊಟ್ಟಿದ್ದ ಅಂಗಿಗಳು ಅದಲು ಬದಲಾದುದೇ ದೇವ್ ಆನಂದ್ ಅವರೊಡನೆ ಪರಿಚಯವಾಗಲು ಕಾರಣವಾಯಿತೆಂಬುದು ಚಿತ್ರರಂಗದಲ್ಲಿ ಪ್ರಚಲಿತವಿರುವ ಸಂಗತಿ. ತಾನು ನಿರ್ಮಾಪಕನಾದರೆ ಗೆಳೆಯನಿಗೆ ನಿರ್ದೇಶನದ ಅವಕಾಶ ನೀಡುವುದಾಗಿ ದೇವ್ ಆನಂದ್ ಅವರೂ, ತಾನು ಚಿತ್ರ ತಯಾರಿಸಿದರೆ ಗೆಳೆಯನನ್ನೇ ನಾಯಕನನ್ನಾಗಿ ಮಾಡುವುದಾಗಿ ಗುರುದತ್ ಅವರೂ ಪರಸ್ಪರ ಮಾತು ಕೊಟ್ಟುಕೊಂಡರು. ಇಬ್ಬರೂ ಅದರಂತೆ ನಡೆದುಕೊಂಡರು.

ಮುಂಬಯಿಯಲ್ಲಿ ನಿರುದ್ಯೋಗದ ದಿನಗಳು

1947ರಲ್ಲಿ ಪ್ರಭಾತ್ ಸಂಸ್ಥೆಯ ಕರಾರು ಮುಗಿಯಿತು. ಆಗ ಸುಮಾರು ಹತ್ತು ತಿಂಗಳ ಕಾಲ ಗುರುದತ್ ಅವರಿಗೆ ಕೆಲಸವಿರಲಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ಕುಟುಂಬದೊಡನೆ ವಾಸವಾಗಿದ್ದು, ಇಂಗ್ಲಿಷಿನಲ್ಲಿ ಸಣ್ಣಕಥೆಗಳನ್ನು ಬರೆಯತೊಡಗಿದರು. ಮುಂದೆ 'ಪ್ಯಾಸಾ' ಎಂಬ ಹೆಸರಿನಲ್ಲಿ ಬಂದ ಚಿತ್ರದ ಮೂಲ ಕಥೆ ರೂಪುಗೊಂಡುದು ಈ ದಿನಗಳಲ್ಲಿಯೇ.

ಈ ಅವಧಿಯು ಅವರ ಕಲೆಯ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತಿತು. ಕೆಲಸವಿದ್ದವನಿಗೆ ಕಾಣುವ ನಗರ ಬೇರೆ, ಕೆಲಸವಿಲ್ಲದವನಿಗೆ ಕಾಣುವ ನಗರ ಬೇರೆ. ಕೆಲಸವಿಲ್ಲದವನು ಬಸ್ಸಿನ ಚಿಲ್ಲರೆಯನ್ನು ಎಣಿಸಿ ಇಳಿಯುವ ನಿಲ್ದಾಣವನ್ನು ತೀರ್ಮಾನಿಸುತ್ತಾನೆ. ಸಾಲ ಕೇಳದ ಗೆಳೆಯನು ಉಳಿದಿರುವನೇ ಎಂದು ಲೆಕ್ಕ ಹಾಕುತ್ತಾನೆ. ಮುಂಬಯಿಯ ಕುರಿತು ಗುರುದತ್ ಅವರು ತಯಾರಿಸಿದ ವಿನೋದ ಚಿತ್ರಗಳಲ್ಲಿ ಕ್ಯಾಮೆರಾ ನಿಲ್ಲುವುದು ಈ ಎರಡನೆಯ ವ್ಯಕ್ತಿಯ ಪಕ್ಕದಲ್ಲಿಯೇ.

ನಿರ್ದೇಶಕರಾಗಿ ಪದಾರ್ಪಣೆ

ಅಮಿಯ ಚಕ್ರವರ್ತಿ ಅವರ 'ಗರ್ಲ್ಸ್ ಸ್ಕೂಲ್' (1949) ಹಾಗೂ ಜ್ಞಾನ್ ಮುಖರ್ಜಿ ಅವರ 'ಸಂಗ್ರಾಮ್' (1950) ಚಿತ್ರಗಳಿಗೆ ಗುರುದತ್ ಅವರು ಸಹಾಯಕರಾಗಿದ್ದರು. ಅನಂತರ ದೇವ್ ಆನಂದ್ ಅವರು ಕೊಟ್ಟ ಮಾತಿನಂತೆ ತಮ್ಮ ನವಕೇತನ್ ಸಂಸ್ಥೆಯ 'ಬಾಜಿ' (1951) ಚಿತ್ರದ ನಿರ್ದೇಶನವನ್ನು ಅವರಿಗೆ ವಹಿಸಿದರು. ಬಲರಾಜ್ ಸಾಹ್ನಿ ಅವರು ಚಿತ್ರಕಥೆ ಬರೆದ ಈ ಚಿತ್ರವು ಯಶಸ್ವಿಯಾಯಿತು. ನಗರದ ಜೂಜುಕಟ್ಟೆ ಮತ್ತು ಅಪರಾಧ ಲೋಕಗಳ ಕಥೆಗಳಿಗೆ ಹಿಂದಿ ಚಿತ್ರರಂಗದಲ್ಲಿ ಇದರಿಂದ ಹೊಸ ಹುರುಪು ಬಂದಿತು.

'ಬಾಜಿ' ಚಿತ್ರದ ಗೀತೆಯೊಂದರ ಧ್ವನಿಮುದ್ರಣದ ಸಂದರ್ಭದಲ್ಲಿ ಆ ವೇಳೆಗಾಗಲೇ ಜನಪ್ರಿಯ ಗಾಯಕಿಯಾಗಿದ್ದ ಗೀತಾ ರಾಯ್ ಅವರ ಪರಿಚಯವಾಯಿತು. 26 ಮೇ 1953ರಂದು ಅವರಿಬ್ಬರ ವಿವಾಹವು ನೆರವೇರಿತು. ತರುಣ್, ಅರುಣ್ ಮತ್ತು ನೀನಾ ಈ ದಂಪತಿಯ ಮಕ್ಕಳು.

ಹಾಸ್ಯನಟ ಜಾನಿ ವಾಕರ್ ಅವರು ಬೆಳಕಿಗೆ ಬಂದುದೂ 'ಬಾಜಿ' ಚಿತ್ರದಿಂದಲೇ. ಬದ್ರುದ್ದೀನ್ ಜಮಾಲುದ್ದೀನ್ ಕಾಜಿ ಎಂಬ ಈ ಕಲಾವಿದರು ಮುಂಬಯಿಯ ಬಸ್ಸುಗಳಲ್ಲಿ ನಿರ್ವಾಹಕರಾಗಿದ್ದರು. ಬಲರಾಜ್ ಸಾಹ್ನಿ ಅವರ ಸೂಚನೆಯಂತೆ ಗುರುದತ್ ಅವರ ಕಚೇರಿಗೆ ಬಂದು ಕುಡುಕನಂತೆ ನಟಿಸಿ ತೋರಿಸಿದರು, ಪಾತ್ರ ದೊರೆಯಿತು. ಮದ್ಯದ ಬ್ರಾಂಡೊಂದರ ಹೆಸರನ್ನು ಅವರಿಗೆ ಇಟ್ಟವರು ಗುರುದತ್ ಅವರೇ. ನಗರದ ರಸ್ತೆಯಿಂದಲೇ ಬಂದ ಈ ನಟರು ಮುಂದೆ ಗುರುದತ್ ಅವರ ಚಿತ್ರಗಳಲ್ಲಿ ಸಾಮಾನ್ಯ ಮುಂಬಯಿಗನ ಪ್ರತಿನಿಧಿಯಾದರು.

'ಜಾಲ್' (1952) ಮತ್ತು 'ಬಾಜ್' (1953) ಚಿತ್ರಗಳ ನಂತರ 'ಆರ್ ಪಾರ್' (1954) ತೆರೆಕಂಡಿತು. ಟ್ಯಾಕ್ಸಿ ಚಾಲಕನೊಬ್ಬನು ಇದರ ನಾಯಕ. ಆ ಪಾತ್ರವನ್ನು ಗುರುದತ್ ಅವರೇ ನಿರ್ವಹಿಸಿದರು. ಅಬ್ರಾರ್ ಅಲ್ವಿ ಅವರು ಬರೆದ ಸಂಭಾಷಣೆಯಲ್ಲಿ ಪಾತ್ರಗಳು ನಾಟಕೀಯ ಭಾಷೆಯನ್ನು ಬಿಟ್ಟು, ತಮ್ಮ ತಮ್ಮ ಊರು ಮತ್ತು ಕಸುಬಿಗೆ ತಕ್ಕ ಮಾತನ್ನು ಆಡಿದವು. ಓ. ಪಿ. ನಯ್ಯರ್ ಅವರ ಲವಲವಿಕೆಯ ಸಂಗೀತವು ಜನಮನ ಸೂರೆಗೊಂಡಿತು. ಈ ಚಿತ್ರದ ಯಶಸ್ಸು ಗುರುದತ್ ಅವರ ಆರ್ಥಿಕ ಸ್ಥಿತಿಯನ್ನು ಭದ್ರಪಡಿಸಿ, ಮುಂದಿನ ಚಿತ್ರಕ್ಕೆ ದಾರಿ ಮಾಡಿಕೊಟ್ಟಿತು.

'ಮಿಸ್ಟರ್ ಅಂಡ್ ಮಿಸೆಸ್ 55': ಕಥಾಸಾರ

ಅಬ್ರಾರ್ ಅಲ್ವಿ ಅವರು ಬರೆದ ಈ ಚಿತ್ರಕ್ಕೆ ಓ. ಪಿ. ನಯ್ಯರ್ ಅವರ ಸಂಗೀತ ಹಾಗೂ ಮಜ್ರೂಹ್ ಸುಲ್ತಾನ್‌ಪುರಿ ಅವರ ಗೀತರಚನೆ ಇದೆ. ಅನಿತಾ (ಮಧುಬಾಲಾ) ತಂದೆಯಿಲ್ಲದ ಶ್ರೀಮಂತ ಯುವತಿ. ನಿಗದಿತ ಗಡುವಿನೊಳಗೆ ವಿವಾಹವಾದರೆ ಮಾತ್ರ ಆಕೆಗೆ ಆಸ್ತಿ ದೊರೆಯುವುದೆಂದು ತಂದೆಯ ಉಯಿಲಿನಲ್ಲಿ ಬರೆದಿರುತ್ತದೆ. ಆಕೆಯನ್ನು ಸಾಕಿದ ಅತ್ತೆ ಸೀತಾದೇವಿ (ಲಲಿತಾ ಪವಾರ್) ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಹಾಗೂ ಪುರುಷದ್ವೇಷಿ. ಆಸ್ತಿಯೂ ಕೈಬಿಡಬಾರದು, ಅನಿತಾ ಗಂಡನ ಅಧೀನಳೂ ಆಗಬಾರದು ಎಂಬ ಉದ್ದೇಶದಿಂದ ಆಕೆ ಒಂದು ಉಪಾಯ ಹೂಡುತ್ತಾಳೆ. ಬಡ ಯುವಕನೊಬ್ಬನಿಗೆ ಹಣ ಕೊಟ್ಟು ಅನಿತಾಳ ವಿವಾಹವನ್ನು ನೋಂದಾಯಿಸುವುದು, ಅನಂತರ ವಿಚ್ಛೇದನ ಪಡೆಯುವುದು ಆ ಉಪಾಯ.

ಹೀಗೆ ಗೊತ್ತುಪಡಿಸಿದ ವರನೇ ವ್ಯಂಗ್ಯಚಿತ್ರಕಾರ ಪ್ರೀತಮ್ (ಗುರುದತ್). ಕೆಲಸವಿಲ್ಲದ ಈತನು ಪತ್ರಿಕಾ ಛಾಯಾಗ್ರಾಹಕನಾದ ಗೆಳೆಯ ಜಾನಿಯ (ಜಾನಿ ವಾಕರ್) ಸಾಲದ ಮೇಲೆ ದಿನ ದೂಡುತ್ತಿರುತ್ತಾನೆ. ಟೆನಿಸ್ ಪಂದ್ಯವೊಂದರಲ್ಲಿ ಅನಿತಾಳನ್ನು ಕಂಡು ಈ ಮೊದಲೇ ಮನಸೋತಿರುತ್ತಾನೆ. ಸೀತಾದೇವಿಯ ಕರಾರನ್ನು ಕೇಳಿ ಮೊದಲು ನಿರಾಕರಿಸಿದವನು ವಧು ಯಾರೆಂಬುದು ತಿಳಿದ ಮೇಲೆ ಒಪ್ಪುತ್ತಾನೆ. ವಿವಾಹ ಮುಗಿದ ಕೂಡಲೇ ವಧುವನ್ನು ಅತ್ತೆಯು ಮನೆಗೆ ಕರೆದೊಯ್ಯುತ್ತಾಳೆ. ಪ್ರೀತಮ್ ಉಪಾಯದಿಂದ ಅನಿತಾಳನ್ನು ನಗರದ ಗದ್ದಲದಿಂದ ದೂರದಲ್ಲಿರುವ ಅಣ್ಣನ ಮನೆಗೆ ಕರೆತರುತ್ತಾನೆ. ಅಲ್ಲಿ ಅತ್ತಿಗೆಯ ಸರಳ ಸಂಸಾರವನ್ನು ಕಂಡು ಅನಿತಾಳ ಮನಸ್ಸು ಬದಲಾಗುತ್ತದೆ. ಇದನ್ನರಿಯದ ಪ್ರೀತಮ್, ಆಕೆಗೆ ಬಿಡುಗಡೆಯೇ ಇಷ್ಟವೆಂದು ಭಾವಿಸಿ ತನ್ನ ವಿರುದ್ಧ ತಾನೇ ಸುಳ್ಳು ಸಾಕ್ಷ್ಯವನ್ನು ಒದಗಿಸುತ್ತಾನೆ. ಕೊನೆಯಲ್ಲಿ ವಿಮಾನ ನಿಲ್ದಾಣದಲ್ಲಿ ದಂಪತಿಗಳು ಒಂದಾಗುತ್ತಾರೆ.

ಚಿತ್ರದಲ್ಲಿನ ನಗರ ವಿಡಂಬನೆ

ಈಜುಕೊಳ, ಟೆನಿಸ್ ಮೈದಾನ, ಬಂಗಲೆ ಹಾಗೂ ಮೋಟಾರು ಕಾರುಗಳ ಲೋಕ ಒಂದು ಕಡೆ. ಬಾಡಿಗೆ ಕೋಣೆ, ಬಸ್ ನಿಲ್ದಾಣ ಹಾಗೂ ಪತ್ರಿಕಾ ಕಚೇರಿಗಳ ಲೋಕ ಇನ್ನೊಂದು ಕಡೆ. ಈ ಎರಡು ಲೋಕಗಳು ಒಂದಕ್ಕೊಂದು ಎದುರಾದಾಗ ಹುಟ್ಟುವ ನಗೆಯೇ ಚಿತ್ರದ ಜೀವಾಳ. ಪ್ರೀತಮ್‌ನ ದಿಟ್ಟ ಮಾತುಗಳನ್ನು ಕೇಳಿದ ಸೀತಾದೇವಿಯು ಆತನು ಕಮ್ಯುನಿಸ್ಟನಿರಬೇಕೆಂದು ಶಂಕಿಸುತ್ತಾಳೆ. ತಾನು ಕೇವಲ ಕಾರ್ಟೂನಿಸ್ಟ್ ಎಂದು ಆತನು ತಿಳಿಸುತ್ತಾನೆ. ಬಡವನ ಬಾಯಲ್ಲಿ ಬರುವ ಸ್ವಾಭಿಮಾನದ ಮಾತು ಸಿರಿವಂತರ ಕಿವಿಗೆ ರಾಜಕೀಯವಾಗಿ ಕೇಳಿಸುವುದನ್ನು ಈ ಒಂದೇ ಸನ್ನಿವೇಶವು ಮನವರಿಕೆ ಮಾಡಿಕೊಡುತ್ತದೆ.

ಗೀತೆಗಳ ಚಿತ್ರೀಕರಣವೂ ಗಮನಾರ್ಹ. ನಾಯಕನ ಪ್ರೇಮಗೀತೆಯು ಒಂದೆಡೆ ನಿಲ್ಲದೆ ನಗರದಲ್ಲಿ ಸಂಚರಿಸುತ್ತಾ ಬಸ್ಸಿನವರೆಗೆ ಸಾಗುತ್ತದೆ. ಜಾನಿ ಮತ್ತು ಆತನ ಪ್ರೇಯಸಿಯ ಯುಗಳ ಗೀತೆಯು ಕಚೇರಿಯ ಮೇಜು ಕುರ್ಚಿಗಳ ಸಂದಿಯಲ್ಲಿ ನಡೆಯುತ್ತದೆ. ತೋಟ ಮತ್ತು ಬೆಳದಿಂಗಳುಗಳಿಗೆ ಮೀಸಲಾಗಿದ್ದ ಪ್ರೇಮವನ್ನು ಗುರುದತ್ ಅವರು ಸಾಮಾನ್ಯ ನೌಕರರ ದಿನಚರಿಯೊಳಗೆ ತಂದಿರಿಸಿದರು.

ವಿಚ್ಛೇದನದ ಕಾನೂನು ಮತ್ತು ಚಿತ್ರದ ನಿಲುವು

ಚಿತ್ರದ ಹೆಸರಿನಲ್ಲಿರುವ 55 ಎಂಬ ಸಂಖ್ಯೆಗೆ ವಿಶೇಷ ಅರ್ಥವಿದೆ. ವಿಶೇಷ ವಿವಾಹ ಕಾಯಿದೆ, 1954 ದಿನಾಂಕ 1 ಜನವರಿ 1955ರಿಂದ ಜಾರಿಗೆ ಬಂದಿತು. ಹಿಂದೂ ವಿವಾಹ ಕಾಯಿದೆ, 1955 ಅದೇ ವರ್ಷದ ಮೇ 18ರಿಂದ ಜಾರಿಯಾಯಿತು. ಇವುಗಳ ಹಿಂದೆ ಮಹಿಳಾ ಸಂಘಟನೆಗಳ ಹಲವು ವರ್ಷಗಳ ಪರಿಶ್ರಮವಿದ್ದಿತು. ಹಿಂದೂ ಸಂಹಿತೆ ಮಸೂದೆಯು ಸ್ಥಗಿತಗೊಂಡುದು ಡಾ. ಬಿ. ಆರ್. ಅಂಬೇಡ್ಕರ್ ಅವರು 1951ರಲ್ಲಿ ಕೇಂದ್ರ ಸಚಿವ ಸಂಪುಟಕ್ಕೆ ರಾಜೀನಾಮೆ ನೀಡಲು ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಮುಂಬಯಿ ಪ್ರಾಂತದಲ್ಲಿ ಹಿಂದೂ ವಿಚ್ಛೇದನ ಕಾಯಿದೆಯು 1947ರಲ್ಲಿಯೇ ಬಂದಿದ್ದರೂ, ದೇಶದ ಬಹುಭಾಗದಲ್ಲಿ ಹಿಂದೂ ಪತ್ನಿಗೆ ಕಷ್ಟಕರ ದಾಂಪತ್ಯದಿಂದ ಹೊರಬರುವ ಕಾನೂನುಬದ್ಧ ಮಾರ್ಗವು ಅಲ್ಲಿಯವರೆಗೆ ಇರಲಿಲ್ಲ.

ಚಿತ್ರವು ಈ ಬದಲಾವಣೆಯನ್ನು ಅನುಮಾನದಿಂದ ನೋಡುತ್ತದೆ. ಮಹಿಳಾ ಹಕ್ಕುಗಳ ಪರವಾಗಿ ಮಾತನಾಡುವವರು ಕೆಲಸವಿಲ್ಲದ ಸಿರಿವಂತ ಹೆಂಗಸರೆಂದೂ, ವಿಚ್ಛೇದನವು ನಗರದವರ ಹೊಸ ಖಯಾಲಿಯೆಂದೂ ಅದರಲ್ಲಿ ಸೂಚಿತವಾಗಿದೆ. ವಾಸ್ತವದಲ್ಲಿ ಕಾನೂನಿನ ಹಾದಿಯು ಚಿತ್ರದಲ್ಲಿ ಕಾಣುವಷ್ಟು ಸರಾಗವಾಗಿರಲಿಲ್ಲ. ವಿಶೇಷ ವಿವಾಹ ಕಾಯಿದೆಯಡಿ ವಿವಾಹವಾಗಲು 30 ದಿನಗಳ ಮುಂಚಿತ ನೋಟಿಸು ಅಗತ್ಯವಾಗಿತ್ತು. ಎರಡೂ ಕಾಯಿದೆಗಳ ಮೂಲ ರೂಪದಲ್ಲಿ, ಅಸಾಧಾರಣ ಕಷ್ಟದ ಪ್ರಕರಣಗಳನ್ನು ಹೊರತುಪಡಿಸಿ, ವಿವಾಹವಾಗಿ ಮೂರು ವರ್ಷ ಕಳೆಯುವ ಮೊದಲು ವಿಚ್ಛೇದನಕ್ಕೆ ಅರ್ಜಿ ಸಲ್ಲಿಸುವಂತಿರಲಿಲ್ಲ. 1976ರ ತಿದ್ದುಪಡಿಯು ಈ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿತು. ಹಿಂದೂ ವಿವಾಹ ಕಾಯಿದೆಯಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶ ಸೇರಿದುದೂ ಅದೇ ತಿದ್ದುಪಡಿಯಿಂದ. ಸೀತಾದೇವಿಯ ಉಪಾಯವು ತೆರೆಯ ಮೇಲೆ ನಡೆಯಬಹುದಾದುದೇ ಹೊರತು ನ್ಯಾಯಾಲಯದಲ್ಲಿ ಅಷ್ಟು ಬೇಗನೆ ನಡೆಯುವಂತಹುದಲ್ಲ.

ಅಧ್ಯಾಪಕಿಯೂ ಲೇಖಕಿಯೂ ಆದ ತಾಯಿಯ ಮಗ, ಸ್ವಂತ ದುಡಿಮೆಯಿಂದ ಹೆಸರಾದ ಗಾಯಕಿಯ ಪತಿ ಇಂತಹ ಚಿತ್ರವನ್ನು ತಯಾರಿಸಿದುದು ಸೋಜಿಗವೆನಿಸಬಹುದು. ಸಿರಿವಂತಿಕೆಯ ಆಡಂಬರವನ್ನು ಕುರಿತ ಅವರ ನಗೆಯು ಇಂದಿಗೂ ಹರಿತವಾಗಿದೆ. ಹಕ್ಕು ಕೇಳುವ ಮಹಿಳೆಯನ್ನು ಕುರಿತ ನಗೆಯನ್ನು ಮಾತ್ರ ಇಂದಿನ ವಿಮರ್ಶಕರು ಒಪ್ಪುವುದಿಲ್ಲ. ಚಿತ್ರವನ್ನು ನೋಡುವವರು ಈ ಎರಡನ್ನೂ ಬೇರ್ಪಡಿಸಿ ಅರಿಯುವುದು ಉಚಿತ.

ಮೈಸೂರಿನ ಇಬ್ಬರು ಸಹಯೋಗಿಗಳು

ಈ ಚಿತ್ರದ ಹಿಂದೆ ಮೈಸೂರು ಮೂಲದ ಇಬ್ಬರು ಕಲಾವಿದರ ಪಾಲಿದೆ. ಪ್ರೀತಮ್ ಬರೆದನೆಂದು ತೆರೆಯ ಮೇಲೆ ಕಾಣುವ ವ್ಯಂಗ್ಯಚಿತ್ರಗಳನ್ನು ರಚಿಸಿದವರು ಮೈಸೂರಿನಲ್ಲಿ ಜನಿಸಿ ಮುಂಬಯಿಯಲ್ಲಿ ಪ್ರಸಿದ್ಧರಾದ ಆರ್. ಕೆ. ಲಕ್ಷ್ಮಣ್ (1921–2015). ಸೀತಾದೇವಿಯು ಚಾವಟಿ ಹಿಡಿದು ರಥದಲ್ಲಿ ನಿಂತು ಯುವ ದಂಪತಿಗಳನ್ನು ಕುದುರೆಗಳಂತೆ ಓಡಿಸುತ್ತಿರುವ ವ್ಯಂಗ್ಯಚಿತ್ರವು ಕಥೆಯಲ್ಲಿ ಮುಖ್ಯ ಸ್ಥಾನ ಪಡೆದಿದೆ.

ಎರಡನೆಯವರು ಛಾಯಾಗ್ರಾಹಕ ವಿ. ಕೆ. ಮೂರ್ತಿ (1923–2014). ಮೈಸೂರಿನಲ್ಲಿ ಜನಿಸಿದ ಇವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಶಿಕ್ಷಣ ಪಡೆದು ಮುಂಬಯಿಗೆ ತೆರಳಿದರು. 'ಬಾಜಿ' ಚಿತ್ರದಲ್ಲಿ ಸಹಾಯಕರಾಗಿದ್ದಾಗ ಕಠಿಣವಾದ ಒಂದು ದೃಶ್ಯವನ್ನು ಸಮರ್ಥವಾಗಿ ಚಿತ್ರೀಕರಿಸಿ ಗುರುದತ್ ಅವರ ಮೆಚ್ಚುಗೆಗೆ ಪಾತ್ರರಾದರು. 'ಜಾಲ್' ಚಿತ್ರದಿಂದ ಆರಂಭವಾದ ಈ ಜೋಡಿ ಗುರುದತ್ ಅವರು ನಿರ್ದೇಶಿಸಿದ ಕೊನೆಯ ಚಿತ್ರದವರೆಗೆ, ಅನಂತರವೂ ಮುಂದುವರಿಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಮೂರ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಈ ಗೌರವ ದೊರೆತುದು ಅದೇ ಮೊದಲು. ಕನ್ನಡದ 'ಹೂವು ಹಣ್ಣು' (1993) ಚಿತ್ರಕ್ಕೂ ಅವರು ಛಾಯಾಗ್ರಹಣ ಮಾಡಿದ್ದಾರೆ.

ನಗೆಯಿಂದ ವಿಷಾದದೆಡೆಗೆ

1956ರಲ್ಲಿ ಗುರುದತ್ ಅವರು ನಿರ್ಮಿಸಿದ, ರಾಜ್ ಖೋಸ್ಲಾ ಅವರು ನಿರ್ದೇಶಿಸಿದ 'ಸಿ.ಐ.ಡಿ.' ತೆರೆಕಂಡಿತು. ದೇವ್ ಆನಂದ್ ಅವರನ್ನು ನಾಯಕರನ್ನಾಗಿಸಿ ಗುರುದತ್ ಅವರು ತಮ್ಮ ಮಾತನ್ನೂ ಉಳಿಸಿಕೊಂಡರು. ವಹೀದಾ ರೆಹಮಾನ್ ಅವರಿಗೆ ಇದು ಮೊದಲ ಹಿಂದಿ ಚಿತ್ರ. ಮುಂಬಯಿಯಲ್ಲಿ ಬದುಕುವ ಕಷ್ಟವನ್ನು ತಮಾಷೆಯಾಗಿ ಹೇಳುವ ಈ ಚಿತ್ರದ ಗೀತೆಯೊಂದು ಆ ನಗರದ ಗೀತೆಯೆಂಬಂತೆ ಇಂದಿಗೂ ಜನರ ನಾಲಿಗೆಯ ಮೇಲಿದೆ.

ವಿನೋದ ಚಿತ್ರಗಳು ತಂದುಕೊಟ್ಟ ಹಣ ಮತ್ತು ಹೆಸರಿನ ಬಲದಿಂದ ಗುರುದತ್ ಅವರು ತಾವು ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಕಥೆಯನ್ನು ಕೈಗೆತ್ತಿಕೊಂಡರು. 'ಪ್ಯಾಸಾ' (1957) ಚಿತ್ರದ ನಾಯಕನು ಸಮಾಜದಿಂದ ತಿರಸ್ಕೃತನಾದ ಕವಿ. ಪ್ರೀತಮ್‌ನಂತೆ ಈತನೂ ನಿರುದ್ಯೋಗಿಯೇ, ನಗರದಲ್ಲಿ ಅಲೆಯುವವನೇ. ಆದರೆ ಮೊದಲ ಚಿತ್ರದಲ್ಲಿ ನಗೆಗೆ ಕಾರಣವಾದ ಬಡತನವು ಇಲ್ಲಿ ಕಹಿಯಾಗಿದೆ. ಆತನ ಕವಿತೆಗೆ ಬೆಲೆ ಕೊಡುವವಳು ಬೀದಿಯ ಹೆಣ್ಣೆನಿಸಿಕೊಂಡ ಗುಲಾಬೋ. ಈ ಚಿತ್ರವು ಜನಮನ್ನಣೆಯನ್ನೂ ವಿಮರ್ಶಕರ ಮೆಚ್ಚುಗೆಯನ್ನೂ ಪಡೆಯಿತು.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ 'ಕಾಗಜ್ ಕೆ ಫೂಲ್' (1959) ಚಿತ್ರ ನಿರ್ದೇಶಕನೊಬ್ಬನ ಏಳುಬೀಳಿನ ಕಥೆ. ಪತ್ನಿಯಿಂದ ದೂರವಾದ ನಾಯಕನ ಒಂಟಿತನವು ಇದರಲ್ಲಿ ಮನಕಲಕುವಂತೆ ಚಿತ್ರಿತವಾಗಿದೆ. ಚಿತ್ರವು ಆ ಕಾಲದ ಪ್ರೇಕ್ಷಕರನ್ನು ತಲುಪಲಿಲ್ಲ, ಭಾರಿ ನಷ್ಟವಾಯಿತು. ಇದಾದ ಮೇಲೆ ಗುರುದತ್ ಅವರು ನಿರ್ದೇಶಕರೆಂದು ತಮ್ಮ ಹೆಸರನ್ನು ಯಾವ ಚಿತ್ರಕ್ಕೂ ಹಾಕಿಕೊಳ್ಳಲಿಲ್ಲ. ಎಂ. ಸಾದಿಕ್ ಅವರ ನಿರ್ದೇಶನದಲ್ಲಿ ನಿರ್ಮಿಸಿದ 'ಚೌದ್ವೀ ಕಾ ಚಾಂದ್' (1960) ಯಶಸ್ವಿಯಾಗಿ ಸಂಸ್ಥೆಯನ್ನು ನಷ್ಟದಿಂದ ಪಾರುಮಾಡಿತು.

1962ರಲ್ಲಿ ಅಬ್ರಾರ್ ಅಲ್ವಿ ಅವರ ನಿರ್ದೇಶನದಲ್ಲಿ 'ಸಾಹಿಬ್ ಬೀಬಿ ಔರ್ ಗುಲಾಮ್' ಬಂದಿತು. ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ, ಕಲ್ಕತ್ತಾದ ಜಮೀನ್ದಾರಿ ಮಹಲಿನ ಸೊಸೆ ಛೋಟಿ ಬಹೂ (ಮೀನಾ ಕುಮಾರಿ) ತನ್ನನ್ನು ಕಡೆಗಣಿಸಿದ ಗಂಡನ ಒಲವಿಗಾಗಿ ಪರಿತಪಿಸಿ ನಾಶವಾಗುತ್ತಾಳೆ. ಆಕೆಗೆ ಆ ಮಹಲಿನಿಂದ ಹೊರಬರಲು ಬಾಗಿಲಿಲ್ಲ, ಕೇಳಲು ನ್ಯಾಯಾಲಯವಿಲ್ಲ. ವಿಚ್ಛೇದನದ ಹಕ್ಕನ್ನು ನಗೆಯ ವಸ್ತುವಾಗಿಸಿದ ಏಳು ವರ್ಷಗಳ ತರುವಾಯ, ಆ ಹಕ್ಕಿಲ್ಲದ ಕಾಲದ ಹೆಣ್ಣಿನ ಪಾಡನ್ನು ಅದೇ ಸಂಸ್ಥೆಯು ಇಷ್ಟು ಆರ್ದ್ರವಾಗಿ ತೆರೆಗೆ ತಂದಿತು. 1955ರ ಚಿತ್ರವು ನಗುತ್ತಾ ಬದಿಗೆ ಸರಿಸಿದ್ದ ಪ್ರಶ್ನೆಗೆ ದೊರೆತ ಗಂಭೀರ ಉತ್ತರವೆಂದು ಇದನ್ನು ಭಾವಿಸಬಹುದಾಗಿದೆ.

ಕೊನೆಯ ದಿನಗಳು ಮತ್ತು ನಿಧನ

ಗುರುದತ್ ಅವರ ಸಾಂಸಾರಿಕ ಜೀವನವು ಸುಖಕರವಾಗಿರಲಿಲ್ಲ. ಕೆಲಸದಲ್ಲಿ ತಮ್ಮನ್ನು ಸಂಪೂರ್ಣವಾಗಿ ತೊಡಗಿಸಿಕೊಂಡಿದ್ದ ಅವರಿಗೆ ನಿದ್ರಾಹೀನತೆ ಕಾಡುತ್ತಿತ್ತು, ಮನಸ್ಸು ಖಿನ್ನವಾಗಿತ್ತು. ದಂಪತಿಗಳು ಕ್ರಮೇಣ ದೂರವಾದರು. ಕೊನೆಯ ದಿನಗಳಲ್ಲಿ ಬೇರೆ ಬೇರೆಯಾಗಿ ವಾಸಿಸುತ್ತಿದ್ದರು. 'ಮಿಸ್ಟರ್ ಅಂಡ್ ಮಿಸೆಸ್ 55' ಚಿತ್ರದಲ್ಲಿ ಗೀತಾ ಅವರ ಕಂಠವೂ ಗುರುದತ್ ಅವರ ಅಭಿನಯವೂ ಕೂಡಿ ಮೂಡಿಸಿದ ಉಲ್ಲಾಸವು ಅವರ ಮನೆಯಲ್ಲಿ ಉಳಿಯಲಿಲ್ಲ.

10 ಅಕ್ಟೋಬರ್ 1964ರಂದು ಮುಂಬಯಿಯ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ ಗುರುದತ್ ಅವರು ಮೃತಪಟ್ಟಿರುವುದು ಕಂಡುಬಂದಿತು. ಆಗ ಅವರ ವಯಸ್ಸು 39. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬ ಬಗ್ಗೆ ಅವರನ್ನು ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವಿದೆ. ಗೀತಾ ದತ್ ಅವರು 20 ಜುಲೈ 1972ರಂದು ನಿಧನ ಹೊಂದಿದರು.

ಸ್ಮರಣೆ ಮತ್ತು ಗೌರವ

ಗುರುದತ್ ಅವರ ಕೀರ್ತಿಯು ಅವರ ಮರಣಾನಂತರ ವಿಶ್ವವ್ಯಾಪಿಯಾಯಿತು. ಜೀವಿತಕಾಲದಲ್ಲಿ ಸೋತ 'ಕಾಗಜ್ ಕೆ ಫೂಲ್' ಇಂದು ಶ್ರೇಷ್ಠ ಚಿತ್ರಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಭಾರತೀಯ ಅಂಚೆ ಇಲಾಖೆಯು 2004ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಅಮೆರಿಕದ 'ಟೈಮ್' ಪತ್ರಿಕೆಯು 2005ರಲ್ಲಿ ಪ್ರಕಟಿಸಿದ ಸಾರ್ವಕಾಲಿಕ 100 ಚಿತ್ರಗಳ ಪಟ್ಟಿಯಲ್ಲಿ 'ಪ್ಯಾಸಾ' ಸೇರಿತು. 2025ರಲ್ಲಿ ಅವರ ಜನ್ಮಶತಮಾನೋತ್ಸವವು ನೆರವೇರಿತು.

'ಮಿಸ್ಟರ್ ಅಂಡ್ ಮಿಸೆಸ್ 55' ಚಿತ್ರವನ್ನು ಪ್ರೇಕ್ಷಕರು ಈಗಲೂ ನಗುತ್ತಾ ನೋಡುತ್ತಾರೆ. ಬಾಡಿಗೆ ಬಾಕಿ, ಕೆಲಸದ ಹುಡುಕಾಟ, ಗೆಳೆಯನ ಸಾಲ, ದೊಡ್ಡ ಮನೆಯ ಬಾಗಿಲಲ್ಲಿ ಆಗುವ ಅವಮಾನ ಇವು ಯಾವ ನಗರದ ಯುವಜನರಿಗೂ ಅಪರಿಚಿತವಲ್ಲ. ಅದೇ ವೇಳೆಗೆ, ಒಂದು ಹೊಸ ಹಕ್ಕು ಕಾನೂನಿನ ಪುಸ್ತಕದಲ್ಲಿ ಸೇರಿದರೂ ಸಮಾಜದ ಮನಸ್ಸಿನಲ್ಲಿ ನೆಲೆಗೊಳ್ಳಲು ಎಷ್ಟು ಕಾಲ ಬೇಕಾಗುತ್ತದೆಂಬುದಕ್ಕೂ ಈ ಚಿತ್ರವು ಸಾಕ್ಷಿಯಾಗಿದೆ. ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ಬೆಳೆದು, ಮುಂಬಯಿಯ ಬೀದಿಗಳಲ್ಲಿ ತಮ್ಮ ಕಥೆಗಳನ್ನು ಕಂಡುಕೊಂಡ ಗುರುದತ್ ಅವರು ಎಂಟು ಚಿತ್ರಗಳನ್ನು ಮಾತ್ರ ತಮ್ಮ ಹೆಸರಿನಲ್ಲಿ ನಿರ್ದೇಶಿಸಿದರು. ಮಹಾನಗರದ ನಗೆ ಮತ್ತು ನೋವುಗಳೆರಡನ್ನೂ ಒಂದೇ ಕೈ ಬರೆಯಬಲ್ಲದೆಂಬುದನ್ನು ಆ ಎಂಟು ಚಿತ್ರಗಳು ತೋರಿಸಿಕೊಟ್ಟಿವೆ.